ನಲ್ಲಿಯ ನೀರು ಮತ್ತು ನಮ್ಮ ಪಲ್ಪರ್



ಪತ್ರಿಕೆಯ ಈ ಪುಟಗಳಲ್ಲಿ ನಾವು ಸಾಮಾನ್ಯವಾಗಿ ಗೊಬ್ಬರದ ಪ್ರಮಾಣ, ಬಿಳಿ ಕಾಂಡಕೊರಕ, ಅಡಿಕೆಯ ಕೊಳೆರೋಗ, ಧಾರಣೆಯ ಏರಿಳಿತ ಇವುಗಳನ್ನು ಕುರಿತು ಬರೆಯುವುದು ವಾಡಿಕೆ. ಈ ಸಲ ಕುಡಿಯುವ ನೀರಿನ ವಿಷಯವನ್ನು ಎತ್ತಿಕೊಂಡಿದ್ದೇವೆ. ಇದು ಪಂಚಾಯಿತಿಯವರ ಕೆಲಸ, ಸಹಕಾರ ಸಂಘಕ್ಕೂ ಇದಕ್ಕೂ ಏನು ಸಂಬಂಧ ಎಂದು ಕೆಲವರು ಕೇಳಬಹುದು. ಸಂಬಂಧ ಇದೆ. ಅದು ಎಷ್ಟು ಹತ್ತಿರದ್ದು ಎಂಬುದು ಕೆಲವು ವರ್ಷಗಳ ಹಿಂದೆ ನಮ್ಮ ಊರಿನಲ್ಲಿ ಕಾಮಾಲೆ ಹರಡಿದಾಗಲೇ ನಮಗೂ ತಿಳಿದದ್ದು.

ಮಲೆನಾಡಿನವರಾದ ನಮಗೆ ನೀರಿನ ಬಗ್ಗೆ ಒಂದು ಬಗೆಯ ಜಂಬವಿದೆ. ಕೋಲಾರ, ಪಾವಗಡ, ಗದಗದ ಕಡೆಯವರಂತೆ ಫ್ಲೋರೈಡ್ ನೀರು ಕುಡಿದು ಹಲ್ಲು ಮೂಳೆ ಕೆಡಿಸಿಕೊಳ್ಳುವ ಕಷ್ಟ ನಮಗಿಲ್ಲ. ನಮ್ಮದು ಗುಡ್ಡದ ನೀರು, ಗಡಸಿಲ್ಲ, ಬೇಳೆ ಬೇಗ ಬೇಯುತ್ತದೆ, ಸೋಪು ಚೆನ್ನಾಗಿ ನೊರೆಯುತ್ತದೆ. ಅಡಿಕೆ ದಬ್ಬೆಯಲ್ಲಿ ಹರಿದು ಬರುತ್ತಿದ್ದ ಅಬ್ಬಿ ನೀರನ್ನು ಕೈಬೊಗಸೆಯಲ್ಲಿ ಕುಡಿದು ಬೆಳೆದವರು ನಾವು. ಆದರೆ ಫ್ಲೋರೈಡ್ ಇಲ್ಲದಿರುವುದು, ತಂಪಾಗಿ ತಿಳಿಯಾಗಿರುವುದು, ರುಚಿಯಾಗಿರುವುದು ಇವೆಲ್ಲ ನೀರಿನಲ್ಲಿ ರೋಗಾಣು ಇಲ್ಲ ಎಂಬುದಕ್ಕೆ ಸಾಕ್ಷಿಯಲ್ಲ. ಬಯಲುಸೀಮೆಯ ನೀರಿನ ದೋಷ ಬಂಡೆಯಿಂದ ಬರುತ್ತದೆ, ವರ್ಷಾನುಗಟ್ಟಲೆ ನಿಧಾನವಾಗಿ ಕೆಲಸ ಮಾಡುತ್ತದೆ. ನಮ್ಮ ಕಡೆಯ ನೀರಿನ ದೋಷ ಮೇಲಿನಿಂದ, ಅಂದರೆ ದನ, ಮನುಷ್ಯ ಮತ್ತು ತೋಟದಿಂದ ಬರುತ್ತದೆ. ಒಂದೇ ವಾರದಲ್ಲಿ ಊರನ್ನು ಮಲಗಿಸಬಲ್ಲದು.

ನಮ್ಮ ಊರಿನ ವ್ಯವಸ್ಥೆ ಇತರ ಊರುಗಳಿಗಿಂತ ಬೇರೆಯೇನಲ್ಲ. ಮುಂದೆ ಭದ್ರೆಗೆ ಸೇರುವ ಒಂದು ಹಳ್ಳಕ್ಕೆ ಸಣ್ಣ ಕಟ್ಟೆ, ಅಲ್ಲಿಂದ ಪೈಪು, ದಿಬ್ಬದ ಮೇಲೆ 25,000 ಲೀಟರಿನ ಟ್ಯಾಂಕು, ಟ್ಯಾಂಕಿನಿಂದ ಇಳಿಜಾರಿನಲ್ಲಿ ಮನೆಗಳಿಗೆ, ಶಾಲೆಗೆ, ಕೊನೆಯಲ್ಲಿ ಲೈನ್ ಮನೆಗಳಿಗೆ ನಲ್ಲಿ. ಬೆಳಿಗ್ಗೆ ಎರಡು ಗಂಟೆ ನೀರು ಬಿಡುತ್ತಾರೆ. ಮಿಕ್ಕ ಹೊತ್ತು ಪೈಪು ಖಾಲಿ.

ಆ ವರ್ಷ ಜನವರಿ ಮೂರನೆಯ ವಾರದಲ್ಲಿ ಲೈನ್ ಮನೆಗಳಲ್ಲಿ ಇಬ್ಬರು ಮಕ್ಕಳಿಗೆ ಕಣ್ಣು ಹಳದಿಯಾಯಿತು. ಹತ್ತು ದಿನದೊಳಗೆ ಹನ್ನೊಂದು ಮಂದಿ. ಅವರಲ್ಲಿ ಒಬ್ಬಾಕೆ ಆರು ತಿಂಗಳ ಬಸುರಿ. ಊರಿನವರೆಲ್ಲ ಸಂಕ್ರಾಂತಿ ಜಾತ್ರೆಯಲ್ಲಿ ಹಂಚಿದ ಪಾನಕದ ಮೇಲೆ ದೂರು ಹೊರಿಸಿದರು. ಪಾನಕ ಮಾಡಿದವರು ಬಾಯಿ ತೆರೆಯದಂತಾಯಿತು. ಆರೋಗ್ಯ ಕೇಂದ್ರದ ವೈದ್ಯರು ಬಂದು ಕೇಳಿದ ಮೊದಲ ಪ್ರಶ್ನೆ, “ಜಾತ್ರೆ ಆಗಿ ಎಷ್ಟು ದಿನವಾಯಿತು?” ಎಂಬುದು. ಒಂದು ವಾರ ಎಂದೆವು. ಹಾಗಾದರೆ ಪಾನಕವಲ್ಲ ಎಂದರು. ನೀರಿನಿಂದ ಬರುವ ಹೆಪಟೈಟಿಸ್ ‘ಎ’ ಎಂಬ ಕಾಮಾಲೆಯ ವೈರಾಣು ಹೊಟ್ಟೆಗೆ ಹೋದ ಮೇಲೆ ರೋಗ ಕಾಣಿಸಿಕೊಳ್ಳಲು 15ರಿಂದ 50 ದಿನ ಬೇಕು, ಸರಾಸರಿ 28 ದಿನ. ‘ಇ’ ಎಂಬ ಇನ್ನೊಂದು ಬಗೆಗೆ ಎರಡರಿಂದ ಒಂಬತ್ತು ವಾರ, ಮತ್ತು ಬಸುರಿಯರಿಗೆ ಅದು ಪ್ರಾಣಾಪಾಯ ತರಬಲ್ಲದು. ಆದ್ದರಿಂದ ಜನವರಿ ಕೊನೆಯಲ್ಲಿ ಕಂಡ ರೋಗದ ಬೇರನ್ನು ಡಿಸೆಂಬರಿನಲ್ಲಿ ಹುಡುಕಬೇಕು. ಡಿಸೆಂಬರಿನಲ್ಲಿ ಊರಿನಲ್ಲಿ ಏನು ನಡೆದಿತ್ತು?

ಡಿಸೆಂಬರಿನಲ್ಲಿ ನಡೆದದ್ದು ಅರೇಬಿಕಾ ಕೊಯ್ಲು ಮತ್ತು ಪಲ್ಪಿಂಗ್. ಆದರೆ ಆ ಹೊತ್ತಿನಲ್ಲಿ ಅದು ನಮಗೆ ಹೊಳೆಯಲಿಲ್ಲ. ನಾವೆಲ್ಲ ಸೇರಿ ನೀರುಗಂಟಿಯನ್ನು ಹಿಡಿದುಕೊಂಡೆವು. “ಬ್ಲೀಚಿಂಗ್ ಪುಡಿ ಹಾಕಿದ್ದೀಯೇನಯ್ಯಾ?” ಎಂದು ಗದರಿದರೆ ಅವನು, “ಹಾಕಿದೀನಿ ಸಾರ್. ವರ್ಷ ಪೂರ್ತಿ ಹಾಕೋ ಹಾಗೇ ಮೂರು ಹಿಡಿ. ಬೇಕಾದ್ರೆ ಚೀಲ ನೋಡಿ” ಎಂದ. ಚೀಲ ನೋಡಿದೆವು. ಅವನು ಹೇಳಿದ್ದು ನಿಜವೆಂದು ತೋರಿತು. ಅವನ ಮೂರು ಹಿಡಿಯನ್ನು ಸಂಘದ ತಕ್ಕಡಿಯಲ್ಲಿ ತೂಗಿದಾಗ 210 ಗ್ರಾಂ ಬಂತು.

ಪುಡಿಯ ಲೆಕ್ಕ

ಇಲ್ಲಿ ಸ್ವಲ್ಪ ಲೆಕ್ಕ ಹೇಳಬೇಕಾಗಿದೆ, ಓದುಗರು ಬೇಸರಿಸಬಾರದು. ಮೈಲುತುತ್ತ, ಸುಣ್ಣಗಳ ಲೆಕ್ಕ ಬಲ್ಲವರಿಗೆ ಇದು ಕಷ್ಟವಲ್ಲ.

ಬ್ಲೀಚಿಂಗ್ ಪುಡಿಯಲ್ಲಿ ಕೆಲಸ ಮಾಡುವುದು ಅದರೊಳಗಿನ ಕ್ಲೋರಿನ್. ಹೊಸ ಪುಡಿಯಲ್ಲಿ ಅದು ನೂರಕ್ಕೆ 30ರ ಆಸುಪಾಸು ಇರುತ್ತದೆ. ಚೀಲದ ಬಾಯಿ ಬಿಚ್ಚಿ ಪಂಪ್‌ಹೌಸಿನ ಮೂಲೆಯಲ್ಲಿ ಒಂದು ಮಳೆಗಾಲ ಇಟ್ಟರೆ ನೂರಕ್ಕೆ ಹತ್ತಕ್ಕೂ ಇಳಿಯಬಹುದು. ಕೊನೆಗೆ ಉಳಿಯುವುದು ಬರೀ ಸುಣ್ಣ. 25,000 ಲೀಟರ್ ನೀರಿಗೆ ಲೀಟರಿಗೆ 2 ಮಿಲಿಗ್ರಾಂ ಕ್ಲೋರಿನ್ ಬೇಕೆಂದರೆ ಒಟ್ಟು 50 ಗ್ರಾಂ ಕ್ಲೋರಿನ್ ಆಯಿತು. ಹೊಸ ಪುಡಿಯಾದರೆ 167 ಗ್ರಾಂ ಸಾಕು, ಸತ್ವಹೀನ ಪುಡಿಯಾದರೆ 500 ಗ್ರಾಂ ಬೇಕು. ಹಿಡಿಯ ಲೆಕ್ಕ ಎಂಬುದು ಇಲ್ಲಿಯೇ ಒಮ್ಮೆ ಮುರಿದುಬೀಳುತ್ತದೆ.

ಹಾಕಿದ ಕ್ಲೋರಿನ್ ಎಲ್ಲವೂ ರೋಗಾಣುವನ್ನು ಕೊಲ್ಲುವುದಿಲ್ಲ. ನೀರಿನಲ್ಲಿರುವ ಎಲೆಯ ರಸ, ಕೊಳೆತ ಪದಾರ್ಥ, ಕಬ್ಬಿಣದ ಅಂಶ, ಕೆಸರು ಇವೆಲ್ಲ ಮೊದಲು ತಮ್ಮ ಪಾಲನ್ನು ತಿಂದುಬಿಡುತ್ತವೆ. ಅವುಗಳ ಹಸಿವು ತೀರಿದ ಮೇಲೆ ಮಿಕ್ಕದ್ದೇ ನಮ್ಮನ್ನು ಕಾಯುವುದು. ಇದಕ್ಕೆ ಉಳಿಕೆ ಕ್ಲೋರಿನ್ ಎನ್ನುತ್ತಾರೆ. ಕುಡಿಯುವ ನೀರಿನ ಭಾರತೀಯ ಮಾನಕವಾದ ಐ.ಎಸ್. 10500 (2012ರ ಪರಿಷ್ಕರಣೆ) ಪ್ರಕಾರ ಬಳಕೆದಾರರ ನಲ್ಲಿಯಲ್ಲಿ ಅದು ಲೀಟರಿಗೆ 0.2 ಮಿಲಿಗ್ರಾಂಗೆ ಕಡಿಮೆ ಇರಬಾರದು. ಟ್ಯಾಂಕಿನಲ್ಲಿ ಇದ್ದರೆ ಸಾಲದು, ಕೊಟ್ಟಕೊನೆಯ ನಲ್ಲಿಯಲ್ಲಿ ಇರಬೇಕು. ಅದೇ ಮಾನಕ, ಕರುಳಿನ ಮಲಿನತೆಯ ಗುರುತಾದ ಇ. ಕೋಲೈ ಎಂಬ ಸೂಕ್ಷ್ಮಾಣು 100 ಮಿಲಿಲೀಟರ್ ನೀರಿನಲ್ಲಿ ಒಂದೂ ಕಾಣಬಾರದು ಎನ್ನುತ್ತದೆ.

ವೈದ್ಯರ ಜೊತೆ ಬಂದ ಆರೋಗ್ಯ ಸಹಾಯಕರು ಹಾರಕ್ಸ್ ಪೆಟ್ಟಿಗೆ ಎಂಬ ಹಳೆಯ ಸಾಧನವೊಂದನ್ನು ತಂದಿದ್ದರು. ಆರು ಬಿಳಿ ಬಟ್ಟಲು, ಒಂದು ಕಪ್ಪು ಬಟ್ಟಲು, ಅಳತೆಯ ಚಮಚ, ಸೂಚಕ ದ್ರಾವಣ, ಇಷ್ಟೇ. ಕಪ್ಪು ಬಟ್ಟಲಿನಲ್ಲಿ ನಮ್ಮದೇ ಪುಡಿಯನ್ನು ಕಲಸಿ, ಅದರ ತಿಳಿಯನ್ನು ಬಿಳಿ ಬಟ್ಟಲುಗಳ ನೀರಿಗೆ ಮೊದಲನೆಯದಕ್ಕೆ ಒಂದು ಹನಿ, ಎರಡನೆಯದಕ್ಕೆ ಎರಡು, ಹೀಗೆ ಏರಿಸುತ್ತಾ ಹಾಕಿ, ಅರ್ಧ ಗಂಟೆ ಬಿಟ್ಟು ಸೂಚಕ ಹಾಕುವುದು. ಸ್ಪಷ್ಟವಾಗಿ ನೀಲಿ ತಿರುಗಿದ ಮೊದಲ ಬಟ್ಟಲು ಎಷ್ಟನೆಯದೋ ಅದನ್ನು ಎರಡರಿಂದ ಗುಣಿಸಿದರೆ 455 ಲೀಟರ್ ನೀರಿಗೆ ಬೇಕಾದ ಪುಡಿ ಗ್ರಾಂ ಲೆಕ್ಕದಲ್ಲಿ ಸಿಗುತ್ತದೆ. ಪುಡಿಯ ಸತ್ವವೂ ನೀರಿನ ಹಸಿವೂ ಒಂದೇ ಪರೀಕ್ಷೆಯಲ್ಲಿ ಬಂದುಬಿಡುವುದು ಇದರ ಗುಣ.

ನಮ್ಮ ಟ್ಯಾಂಕಿನ ನೀರಿನಲ್ಲಿ ಮೊದಲ ನಾಲ್ಕು ಬಟ್ಟಲು ಬೆಳ್ಳಗೇ ಉಳಿದವು. ಐದನೆಯದು ನೀಲಿಯಾಯಿತು. ಅಂದರೆ 455 ಲೀಟರಿಗೆ 10 ಗ್ರಾಂ, ಟ್ಯಾಂಕಿಗೆ ಸುಮಾರು 550 ಗ್ರಾಂ. ನೀರುಗಂಟಿ ಹಾಕುತ್ತಿದ್ದದ್ದು 210. ಕೊನೆಯ ನಲ್ಲಿಯಲ್ಲಿ ಉಳಿಕೆ ಕ್ಲೋರಿನ್ ನೋಡಿದರೆ ಸೊನ್ನೆ. ಟ್ಯಾಂಕಿನ ಬುಡದ ನಲ್ಲಿಯಲ್ಲೂ ಸೊನ್ನೆ. ಮಾರ್ಚಿಯಲ್ಲಿ, ಪಲ್ಪಿಂಗ್ ಎಲ್ಲ ಮುಗಿದು ತಿಂಗಳಾದ ಮೇಲೆ, ಅದೇ ಚೀಲದ ಪುಡಿಯಿಂದ ಅದೇ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಿದೆವು. ಎರಡನೆಯ ಬಟ್ಟಲಿಗೇ ನೀಲಿ. ಟ್ಯಾಂಕಿಗೆ 220 ಗ್ರಾಂ, ಅಂದರೆ ಹೆಚ್ಚು ಕಡಿಮೆ ಆ ಮೂರು ಹಿಡಿಯೇ. ನೀರುಗಂಟಿಯನ್ನು ಗದರಿದ್ದಕ್ಕೆ ನಾವು ಅವನ ಕ್ಷಮೆ ಕೇಳಿದೆವು. ಪಂಚಾಯಿತಿ ಕಟ್ಟೆಯ ಮೇಲೆ, ನಾಲ್ಕು ಜನರ ಎದುರಿಗೇ ಗದರಿದ್ದೆವಾದ್ದರಿಂದ ಅಲ್ಲಿಯೇ ಕೇಳಿದೆವು.

ಹಣ್ಣಿನ ಲೋಳೆ ಮಾಡುವ ಕೆಲಸ

ಜನವರಿಯ ನೀರಿಗೆ ಅಷ್ಟೊಂದು ಹಸಿವು ಎಲ್ಲಿಂದ ಬಂತು? ಕಟ್ಟೆಯಿಂದ ಹಳ್ಳದ ಗುಂಟ ಮೇಲಕ್ಕೆ ನಡೆದು ನೋಡಿದೆವು. ಒಂದು ಮೈಲಿಯೊಳಗೆ ಮೂರು ಪಲ್ಪರ್‌ಗಳ ನೀರು ಹಳ್ಳಕ್ಕೆ ಸೇರುತ್ತಿತ್ತು. ಕಲ್ಲುಗಳ ಮೇಲೆ ಬೂದು ಬಣ್ಣದ ಲೋಳೆ ಕಟ್ಟಿತ್ತು, ಹುಳಿತ ವಾಸನೆ ಇತ್ತು, ಮಡುವಿನಲ್ಲಿ ಮೀನು ಇರಲಿಲ್ಲ. ಮೂರರಲ್ಲಿ ಒಂದು ಪಲ್ಪರ್ ನಮ್ಮದೇ ತೋಟದ್ದು.

ಕಾಫಿ ಹಣ್ಣಿನ ತಿರುಳು ಮತ್ತು ಲೋಳೆಯಲ್ಲಿ ಸಕ್ಕರೆ ಅಂಶ, ಪೆಕ್ಟಿನ್ ಧಾರಾಳವಾಗಿವೆ. ನೀರಿಗೆ ಬಿದ್ದೊಡನೆ ಅವು ಹುಳಿಯತೊಡಗುತ್ತವೆ. ಪಲ್ಪರ್ ನೀರಿನ ಆಮ್ಲೀಯತೆ ನಿಂಬೆಹುಳಿಯಷ್ಟಲ್ಲದಿದ್ದರೂ ಮಜ್ಜಿಗೆಯ ಹುಳಿಯನ್ನು ಮುಟ್ಟುತ್ತದೆ. ಪಿ.ಎಚ್. ನಾಲ್ಕರ ಹತ್ತಿರಕ್ಕೆ ಇಳಿಯುತ್ತದೆ. ಕುಡಿಯುವ ನೀರಿಗೆ ಅದು 6.5ರಿಂದ 8.5ರೊಳಗೆ ಇರಬೇಕು. ಈ ಸಾವಯವ ಪದಾರ್ಥವನ್ನು ತಿನ್ನುವ ಸೂಕ್ಷ್ಮಜೀವಿಗಳು ಹಳ್ಳದ ಪ್ರಾಣವಾಯುವನ್ನೆಲ್ಲ ಹೀರಿಬಿಡುವುದರಿಂದ ಮೀನು ಸಾಯುತ್ತವೆ. ಉಳಿದದ್ದು ಟ್ಯಾಂಕಿಗೆ ಬಂದಾಗ ನೀರುಗಂಟಿ ಹಾಕಿದ ಕ್ಲೋರಿನ್ನನ್ನು ನುಂಗಿಬಿಡುತ್ತದೆ. ಅದೂ ಹಳ್ಳ ತುಂಬಿ ಹರಿಯುವ ಆಷಾಢದಲ್ಲಲ್ಲ, ನೀರು ಇಳಿಯುತ್ತಾ ಹೋಗುವ ಡಿಸೆಂಬರ್, ಜನವರಿಯಲ್ಲಿ.

ಕಾಫಿ ಹಣ್ಣಿನ ಸಿಪ್ಪೆಯಿಂದ ಯಾರಿಗೂ ಕಾಮಾಲೆ ಬರುವುದಿಲ್ಲ. ಈ ಮಾತನ್ನು ಸ್ಪಷ್ಟವಾಗಿ ಹೇಳಬೇಕು, ಏಕೆಂದರೆ ಸಂಘದ ಸಭೆಯಲ್ಲಿ ಹಿರಿಯ ಸದಸ್ಯರೊಬ್ಬರು ಇದನ್ನೇ ಎತ್ತಿ, “ನಮ್ಮ ತಂದೆಯ ಕಾಲದಿಂದ ಪಲ್ಪರ್ ನೀರು ಹಳ್ಳಕ್ಕೇ ಹೋಗಿದೆ, ಆಗೇಕೆ ಕಾಮಾಲೆ ಬರಲಿಲ್ಲ?” ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಉತ್ತರ ಲೈನ್ ಮನೆಗಳ ಹಿಂದೆ ಸಿಕ್ಕಿತು. ನಲ್ಲಿಗೆ ಹೋಗುವ ಪೈಪು ಅಲ್ಲಿ ಒಂದು ಚರಂಡಿಯೊಳಗೆ ಹಾದುಹೋಗಿತ್ತು. ಒಂದು ಜಾಯಿಂಟು ಬಿಟ್ಟುಹೋಗಿ, ಯಾರೋ ಸೈಕಲ್ ಟ್ಯೂಬಿನ ತುಂಡು ಸುತ್ತಿ ಕಟ್ಟಿದ್ದರು. ಚರಂಡಿಯ ಮೇಲ್ಭಾಗದಲ್ಲಿ ಶೌಚದ ಗುಂಡಿ ತುಂಬಿ ಜಿನುಗುತ್ತಿತ್ತು. ನೀರು ಬಿಟ್ಟಾಗ ಜಾಯಿಂಟಿನಿಂದ ನೀರು ಹೊರಗೆ ಸೋರುತ್ತದೆ. ಅದು ಎಲ್ಲರ ಕಣ್ಣಿಗೂ ಕಾಣುತ್ತದೆ. ನೀರು ನಿಲ್ಲಿಸಿದಾಗ ಇಳಿಜಾರಿನ ಪೈಪು ಬರಿದಾಗುತ್ತಾ ಹೊರಗಿನದನ್ನು ಒಳಗೆ ಎಳೆದುಕೊಳ್ಳುತ್ತದೆ. ಇದು ಯಾರಿಗೂ ಕಾಣುವುದಿಲ್ಲ. ದಿನಕ್ಕೆ ಎರಡೇ ಗಂಟೆ ನೀರು ಬಿಡುವ ಊರುಗಳಲ್ಲೆಲ್ಲ ಈ ಅಪಾಯ ದಿನಕ್ಕೊಮ್ಮೆ ನಡೆಯುತ್ತದೆ. ನೀರು ಏರುವುದಿಲ್ಲವೆಂದು ನಲ್ಲಿಯನ್ನು ಗುಂಡಿಯೊಳಗೆ ಇಳಿಸಿಟ್ಟವರ ಮನೆಯಲ್ಲೂ ಇದೇ ಕಥೆ. ಗುಂಡಿಯ ಕೊಚ್ಚೆ ನಲ್ಲಿಯ ಬಾಯಿಗೆ ತಾಗಿರುತ್ತದೆ.

ಆ ಜಾಯಿಂಟು ಅದೇ ಚಳಿಗಾಲದಲ್ಲಿ ಬಿಟ್ಟದ್ದಲ್ಲ, ಒಂದು ವರ್ಷದಿಂದ ಹಾಗೇ ಇತ್ತು ಎಂದು ಅಲ್ಲಿಯ ಹೆಂಗಸರು ಹೇಳಿದರು. ಮಿಕ್ಕ ತಿಂಗಳುಗಳಲ್ಲಿ ನೀರಿನಲ್ಲಿ ಉಳಿದಿದ್ದ ಅಷ್ಟಿಷ್ಟು ಕ್ಲೋರಿನ್ ಒಳಗೆ ಬಂದ ಕೊಳೆಯನ್ನು ಹೇಗೋ ತಡೆದುಕೊಂಡಿರಬೇಕು. ಹೆಚ್ಚು ಕೊಳೆ ಬಂದಿದ್ದರೆ ಅದೂ ಆಗುತ್ತಿರಲಿಲ್ಲ. ಡಿಸೆಂಬರಿನಲ್ಲಿ ಆ ಕಾವಲು ಇಲ್ಲವಾಯಿತು. ಕಾವಲನ್ನು ತೆಗೆದದ್ದು ಮೂರು ಪಲ್ಪರ್‌ಗಳು. ಹಿರಿಯರ ತಂದೆಯ ಕಾಲದಲ್ಲಿ ಪೈಪೂ ಇರಲಿಲ್ಲ, ನಲ್ಲಿಯೂ ಇರಲಿಲ್ಲ. ಲೈನ್ ಮನೆಯವರು ಬೇರೆ ಬಾವಿಯಿಂದ ಸೇದುತ್ತಿದ್ದರು. ಆ ಕಾಲದಲ್ಲಿ ಕಾಮಾಲೆ ಬರಲಿಲ್ಲವೇ ಅಥವಾ ಬಂದದ್ದನ್ನು ನಾಟಿ ಔಷಧ ಕುಡಿಸಿ ಮರೆತರೇ ಎಂಬುದನ್ನು ಈಗ ಯಾರು ಹೇಳಬಲ್ಲರು?

ಬಸುರಿ ಹೆಂಗಸು ಜಿಲ್ಲಾ ಕೇಂದ್ರದ ಆಸ್ಪತ್ರೆಯಲ್ಲಿ ಮೂರು ವಾರ ಇದ್ದು ಬಂದರು. ತಾಯಿ ಮಗು ಇಬ್ಬರೂ ಉಳಿದರು. ಆಕೆ ನಮ್ಮ ತೋಟದಲ್ಲಿಯೇ ಹಣ್ಣು ಕೊಯ್ಯುತ್ತಿದ್ದವರು.

ಕಪ್ಪು ಬಾಟಲಿ

ನೀರಿನಲ್ಲಿ ಮಲಿನತೆ ಇದೆಯೇ ಎಂದು ತಿಳಿಯಲು ದೊಡ್ಡ ಪ್ರಯೋಗಶಾಲೆಯೇ ಬೇಕೆಂದಿಲ್ಲ. ಗ್ವಾಲಿಯರಿನ ರಕ್ಷಣಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1982ರಲ್ಲಿ ಒಂದು ಸುಲಭ ಪರೀಕ್ಷೆಯನ್ನು ಪ್ರಕಟಿಸಿದರು. ಸಣ್ಣ ಬಾಟಲಿಯೊಳಗೆ ರಾಸಾಯನಿಕ ಹೀರಿದ ಕಾಗದದ ಪಟ್ಟಿ ಇರುತ್ತದೆ. ಗುರುತಿನವರೆಗೆ ನೀರು ತುಂಬಿ, ಮುಚ್ಚಿ, ಬೆಚ್ಚಗಿನ ಜಾಗದಲ್ಲಿ ಇಡಬೇಕು. ಕರುಳಿನ ಮೂಲದ ಸೂಕ್ಷ್ಮಾಣುಗಳಿದ್ದರೆ ಅವು ಹೈಡ್ರೋಜನ್ ಸಲ್ಫೈಡ್ ಅನಿಲವನ್ನು ಉಂಟುಮಾಡಿ ಒಂದೆರಡು ದಿನದಲ್ಲಿ ನೀರು ಕಪ್ಪಾಗುತ್ತದೆ. ಮಲೆನಾಡಿನ ಚಳಿಗಾಲದಲ್ಲಿ ಬೆಚ್ಚಗಿನ ಜಾಗ ಎಲ್ಲಿ? ನಾವು ಐದು ಬಾಟಲಿಗಳನ್ನು ಬಚ್ಚಲ ಒಲೆಯ ಪಕ್ಕದ ಗೂಡಿನಲ್ಲಿ ಇಟ್ಟೆವು. ಲೈನ್ ಮನೆಯ ನಲ್ಲಿಯ ಬಾಟಲಿ ಮರುದಿನ ಬೆಳಗಿಗೇ ಮಸಿಯಂತಾಗಿತ್ತು. ಶಾಲೆಯದು, ಟ್ಯಾಂಕಿನದು ಆ ಸಂಜೆಗೆ. ನಮ್ಮ ಮನೆಯಲ್ಲಿ ಎಲ್ಲರಿಗೂ ಕಾಯಿಸಿ ಆರಿಸಿದ ನೀರು ಕುಡಿಯುವ ರೂಢಿ ಬಂದದ್ದು ಆ ಗೂಡನ್ನು ನೋಡಿದ ಮೇಲೆ, ನಮ್ಮ ಉಪದೇಶದಿಂದ ಅಲ್ಲ.

ಈ ಬಾಟಲಿಗೂ ಮಿತಿಗಳಿವೆ. ದನದ್ದೋ ಮನುಷ್ಯರದೋ ಎಂದು ಅದು ಹೇಳಲಾರದು. ವೈರಾಣುವನ್ನು ನೇರವಾಗಿ ತೋರಿಸಲಾರದು. ಕಪ್ಪಾಗದ ಮಾತ್ರಕ್ಕೆ ನೀರು ಶುದ್ಧವೆಂದು ಬರೆದುಕೊಡಲಾಗದು. ಕಪ್ಪಾಯಿತೆಂದರೆ ಮಾತ್ರ ಸುಮ್ಮನೆ ಕೂರುವಂತಿಲ್ಲ. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ (ನಮ್ಮ ರಾಜ್ಯದಲ್ಲಿ ‘ಮನೆ ಮನೆಗೆ ಗಂಗೆ’) ಪ್ರತಿಯೊಬ್ಬರಿಗೆ ದಿನಕ್ಕೆ 55 ಲೀಟರ್ ನೀರಿನ ಜೊತೆಗೆ, ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ಪರೀಕ್ಷಾ ಪೆಟ್ಟಿಗೆ ಬಳಸುವ ತರಬೇತಿ ಕೊಡಬೇಕೆಂದು ಹೇಳಿದೆ. ನಿಮ್ಮ ಊರಿನಲ್ಲಿ ಆ ಐವರು ಯಾರು ಎಂದು ಕೇಳಿ ನೋಡಿ. ಪೆಟ್ಟಿಗೆ ಬೀರುವಿನಲ್ಲಿ ಬೀಗ ಹಾಕಿಕೊಂಡು ಕೂತಿರುವ ಊರುಗಳನ್ನು ನಾವು ಬಲ್ಲೆವು.

ಕಾಯಿಸುವುದರ ಬಗ್ಗೆ ಒಂದು ಮಾತು. ನೀರು ಕೊತಕೊತ ಕುದಿಯಬೇಕು, ಬಿಸಿಯಾದರೆ ಸಾಲದು. ಒಂದು ನಿಮಿಷ ಕುದಿದರೆ ಸಾಕು. ಬಂದ ನೆಂಟರಿಗೆ ಬಿಸಿನೀರು ಕೊಡುವ ನಮ್ಮ ಉಪಚಾರ ಒಳ್ಳೆಯದೇ. ಆದರೆ ಸುಡುತ್ತದೆಂದು ಅರ್ಧ ಚೊಂಬು ನಲ್ಲಿಯ ತಣ್ಣೀರು ಬೆರೆಸಿ ಕೊಟ್ಟರೆ ಕುದಿಸಿದ ಸೌದೆ ದಂಡ.

ಅಡಿಕೆಯವರೂ ಹೊರತಲ್ಲ

ಕಾಫಿಯವರನ್ನೇ ದೂರಿದೆವೆಂದು ಅಡಿಕೆ ಬೆಳೆಗಾರರು ನೆಮ್ಮದಿಯಾಗಿರಬೇಕಿಲ್ಲ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬುದು ನಮಗೆಲ್ಲ ಬಾಯಿಪಾಠ. ಒಂದು ಕಿಲೋ ಮೈಲುತುತ್ತದಲ್ಲಿ ಸುಮಾರು 250 ಗ್ರಾಂ ತಾಮ್ರವಿದೆ. ಹಾಗಾಗಿ ಲೀಟರ್ ದ್ರಾವಣದಲ್ಲಿ ಎರಡೂವರೆ ಗ್ರಾಂ. ಸಂಜೆ ಡ್ರಮ್ಮಿನ ತಳದಲ್ಲಿ ಉಳಿದ ಹತ್ತು ಲೀಟರನ್ನು ಹಳ್ಳದಲ್ಲಿ ತೊಳೆದರೆ 25 ಗ್ರಾಂ ತಾಮ್ರ ನೀರಿಗೆ ಹೋಯಿತು. ಕುಡಿಯುವ ನೀರಿನಲ್ಲಿ ತಾಮ್ರ ಲೀಟರಿಗೆ 0.05 ಮಿಲಿಗ್ರಾಂ ಮೀರದಿರುವುದು ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎನ್ನುತ್ತದೆ ಮಾನಕ. ಆ 25 ಗ್ರಾಂ ಪೂರ್ತಿ ಕರಗಿತೆಂದುಕೊಂಡರೆ ಸಹಿಸಬಹುದಾದ ಮಟ್ಟಕ್ಕೆ ತೆಳುವಾಗಲು ಸುಮಾರು 17,000 ಲೀಟರ್ ನೀರು ಬೇಕು, ಒಳ್ಳೆಯ ಮಟ್ಟಕ್ಕೆ ಐದು ಲಕ್ಷ ಲೀಟರ್. ಸುಣ್ಣದ ದೆಸೆಯಿಂದ ಹೆಚ್ಚಿನ ಪಾಲು ಕರಗದೆ ತಳ ಸೇರುವುದರಿಂದ ಮತ್ತು ಸಿಂಪಡಿಸುವ ಕಾಲದಲ್ಲಿ ಹಳ್ಳ ತುಂಬಿರುವುದರಿಂದ ನಾವು ಬಚಾವಾಗಿದ್ದೇವೆ. ಉಳಿದ ದ್ರಾವಣವನ್ನು ಮರದ ಬುಡಕ್ಕೇ ಚೆಲ್ಲಿ, ಡ್ರಮ್ಮನ್ನು ತೋಟದ ಒಳಗೇ ತೊಳೆಯಿರಿ. ಅಡಿಕೆ ಬೇಯಿಸಿ ಉಳಿದ ಹಳಸಿದ ಚೊಗರನ್ನು ಹಳ್ಳಕ್ಕೆ ಚೆಲ್ಲುವವರಿಗೆ ಪಲ್ಪರ್ ನೀರಿಗೆ ಹೇಳಿದ್ದೇ ಅನ್ವಯಿಸುತ್ತದೆ. ಅದೂ ಕ್ಲೋರಿನ್ ತಿನ್ನುತ್ತದೆ.

ಗುಂಡಿಯ ಅಳತೆ

ಪುಡಿಯನ್ನು 210ರಿಂದ 550 ಗ್ರಾಂಗೆ ಏರಿಸಿದರೆ ಆಯಿತಲ್ಲ ಎಂದು ಸಭೆಯಲ್ಲಿ ಒಬ್ಬರು ಹೇಳಿದರು. ಕೆಲವು ದಿನಗಳ ಮಟ್ಟಿಗೆ ನಾವೂ ಅದನ್ನೇ ಮಾಡಿದೆವು, ಬೇರೆ ದಾರಿ ಇರಲಿಲ್ಲ. ಆದರೆ ಲೋಳೆ ನೀರಿಗೆ ಹೆಚ್ಚು ಹೆಚ್ಚು ಕ್ಲೋರಿನ್ ಸುರಿದರೆ ಕೆಟ್ಟ ವಾಸನೆಯ ಮತ್ತು ಹಾನಿಕರವಾದ ಬೇರೆ ಸಂಯುಕ್ತಗಳು ಹುಟ್ಟುತ್ತವೆ. ಜನ ಆ ವಾಸನೆಗೆ ಹೇಸಿ ನಲ್ಲಿ ಬಿಟ್ಟು ಮತ್ತೆ ಹಳ್ಳಕ್ಕೇ ಹೋಗುತ್ತಾರೆ. ಮೇಲಾಗಿ ಇಂದು ಐದನೆಯ ಬಟ್ಟಲು, ನಾಳೆ ಯಾರಾದರೂ ಇಪ್ಪತ್ತು ಮೂಟೆ ಹಣ್ಣು ಪಲ್ಪ್ ಮಾಡಿದರೆ ಆರೂ ಬಟ್ಟಲು ಬಿಳಿ. ನೀರುಗಂಟಿ ಯಾವುದನ್ನು ನಂಬಿ ಹಾಕಬೇಕು?

ಪಲ್ಪರ್ ನೀರನ್ನು ತೋಟದಲ್ಲೇ ನಿಲ್ಲಿಸುವುದು ಒಂದೇ ದಾರಿ. 1974ರ ಜಲ ಮಾಲಿನ್ಯ ಕಾಯ್ದೆಯೂ ಅದನ್ನೇ ಹೇಳುತ್ತದೆ. ಆದರೆ ಐದಾರು ಎಕರೆಯವರು ದೊಡ್ಡ ಎಸ್ಟೇಟಿನಂತೆ ಸರಣಿ ಹೊಂಡಗಳನ್ನು ಕಟ್ಟಲಾರರು ಎಂಬುದನ್ನು ನಾವು ಬಲ್ಲೆವು. ಅವರಿಗೆ ಸಾಧ್ಯವಿರುವುದು ಇಷ್ಟು. ಪಲ್ಪರಿಗೆ ಬಿಟ್ಟ ನೀರನ್ನೇ ಸೋಸಿ ಆ ದಿನವೆಲ್ಲ ತಿರುಗಿ ಬಳಸುವುದು, ಸಿಪ್ಪೆಯನ್ನು ನೀರಿನಲ್ಲಿ ಸಾಗಿಸದೆ ಬುಟ್ಟಿಯಲ್ಲಿ ಹೊತ್ತು ಗೊಬ್ಬರದ ಗುಂಡಿಗೆ ಹಾಕುವುದು, ಮಿಕ್ಕ ನೀರನ್ನು ಹಳ್ಳದ ದಡದಿಂದ ದೂರ, ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡದಲ್ಲಿ ಸುಣ್ಣ ಹಾಕಿ ಹುಳಿ ಮುರಿದು ನಿಲ್ಲಿಸುವುದು. ನಮ್ಮ ಜಂಬಿಟ್ಟಿಗೆ ನೆಲದಲ್ಲಿ ಹಾಳೆ ಇಲ್ಲದ ಹೊಂಡ ಜರಡಿಯಿದ್ದಂತೆ, ಎರಡು ದಿನದಲ್ಲಿ ಕೆಳಗಿನ ಬಾವಿಗೆ ಇಳಿದಿರುತ್ತದೆ.

ಅಳತೆ ಹೀಗೆ ಮಾಡಿ. ದಿನಕ್ಕೆ 2,000 ಲೀಟರ್ ನೀರು ಹೊರಬರುತ್ತದೆ, ಇಪ್ಪತ್ತು ದಿನ ಪಲ್ಪಿಂಗ್ ಎಂದರೆ 40,000 ಲೀಟರ್, ಅಂದರೆ 40 ಘನ ಮೀಟರ್. ಐದು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಎರಡು ಮೀಟರ್ ಆಳ, ಅದರ ಮೇಲೆ ಅಕಾಲ ಮಳೆಗೆಂದು ಅರ್ಧ ಮೀಟರ್ ಬಿಡುವು. ಸುತ್ತ ಬೇಲಿ ಕಡ್ಡಾಯ. ನಮ್ಮ ತೋಟದಲ್ಲಿ ಹೊಂಡ ಇರಲಿಲ್ಲವೆಂದಲ್ಲ. ತಂದೆಯವರ ಕಾಲದ್ದು, ಮೂರು ಮೀಟರ್ ಉದ್ದ, ಎರಡು ಅಗಲ, ಒಂದೂವರೆ ಆಳ. 9,000 ಲೀಟರ್ ಹಿಡಿಯುತ್ತಿತ್ತು. ನಾಲ್ಕೂವರೆ ದಿನಕ್ಕೆ ತುಂಬಿ ಮಿಕ್ಕ ಹದಿನೈದು ದಿನ ಕೋಡಿ ಹರಿಯುತ್ತಿತ್ತು. ಹೊಂಡವಿದೆಯಲ್ಲ ಎಂಬ ಧೈರ್ಯದಲ್ಲಿ ನಾವು ಅಷ್ಟು ವರ್ಷ ಅದರ ಲೆಕ್ಕವನ್ನೇ ಹಾಕಿರಲಿಲ್ಲ.

ಹಳ್ಳದ ಮೇಲಿನ ಇನ್ನೊಬ್ಬ ಬೆಳೆಗಾರರು ಮರುವರ್ಷ ನಮ್ಮ ಜೊತೆಯೇ ಹೊಂಡ ತೋಡಿಸಿದರು. ಮೂರನೆಯವರಿಗೆ ಜಾಗವಿಲ್ಲ, ಮನೆಯ ಹಿಂದೆಯೇ ಹಳ್ಳ. ಅವರ ಹಣ್ಣನ್ನು ಈಗ ನಮ್ಮ ಪಲ್ಪರಿನಲ್ಲಿಯೇ ಮಾಡಿಕೊಡುತ್ತೇವೆ, ಬಾಡಿಗೆ ಇಲ್ಲ, ಡೀಸೆಲ್ ಮಾತ್ರ ಅವರದು. ಪೈಪನ್ನು ಪಂಚಾಯಿತಿಯವರು ಚರಂಡಿಯಿಂದ ಮೇಲೆತ್ತಿ ಬೇರೆ ದಾರಿಯಲ್ಲಿ ಹಾಕಿದ್ದಾರೆ. ಲೈನ್ ಮನೆಗಳ ಶೌಚದ ಗುಂಡಿಯ ಖರ್ಚು ತೋಟದ ಲೆಕ್ಕದ್ದೇ ಆದ್ದರಿಂದ ಅದನ್ನು ನಾವೇ ಹೊಸದಾಗಿ ಮಾಡಿಸಿದೆವು.

ಈ ಬಾರಿ ಕೊಯ್ಲು ಆರಂಭವಾಗುವ ಮುನ್ನ ಸಂಘದ ಮಳಿಗೆಯಲ್ಲಿ ಬ್ಲೀಚಿಂಗ್ ಪುಡಿಯನ್ನು ಒಂದು ಕಿಲೋದ ಮುಚ್ಚಿದ ಪೊಟ್ಟಣಗಳಲ್ಲಿ, ತಯಾರಿಯ ತಿಂಗಳು ನೋಡಿಯೇ ತರಿಸಿ ಇಡಲಾಗುವುದು. ಪುಡಿಯನ್ನು ಟ್ಯಾಂಕಿಗೆ ಒಣಗಿದ್ದಂತೆಯೇ ಎರಚಬೇಡಿ. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕುಳಿತ ಮೇಲೆ ತಿಳಿಯನ್ನಷ್ಟೇ ಸುರಿದು, ಒಂದು ಗಂಟೆ ಬಿಟ್ಟು ನೀರು ಬಿಡಿ. ಉಳಿಕೆ ಕ್ಲೋರಿನ್ ನೋಡುವ ಡಿಪಿಡಿ ಗುಳಿಗೆಗಳೂ ಮಳಿಗೆಯಲ್ಲಿ ಸಿಗುತ್ತವೆ. ಕ್ಲೋರಿನ್ ಇದ್ದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಊರಿನ ಕೊಟ್ಟಕೊನೆಯ ನಲ್ಲಿಯಲ್ಲಿ, ನೀರು ಬಿಟ್ಟ ದಿನವೇ ನೋಡಿ ಬರೆದಿಡಿ. ಕಪ್ಪು ಬಾಟಲಿ ಬೇಕಾದವರು ನವೆಂಬರ್ ಹದಿನೈದರೊಳಗೆ ಗುಮಾಸ್ತರಲ್ಲಿ ಹೆಸರು ಬರೆಸಬೇಕು. ಡಿಸೆಂಬರಿನಲ್ಲಿ ಎರಡು ಸಲ ಪರೀಕ್ಷಿಸಬೇಕಾಗಿರುವುದರಿಂದ ಊರಿಗೆ ಹತ್ತು ಬಾಟಲಿಯಂತೆ ತರಿಸುತ್ತಿದ್ದೇವೆ.

— ಕಾರ್ಯದರ್ಶಿ